ಉಪ್ಪುನೀರಿಗೆ ನೀರು ಬೆರೆಸಿದವರು

ಡ್ರಮ್ಮಿನ ಮುಚ್ಚಳ ತೆಗೆದ ವೆಂಕಮ್ಮ ಮೊದಲು ಮೂಗು ಮುಚ್ಚಿಕೊಂಡಳು. ಆಮೇಲೆ ಬಾಯಿ ಮುಚ್ಚಿಕೊಂಡಳು. ಎರಡನೆಯದು ಅವಳ ಸ್ವಭಾವಕ್ಕೆ ವಿರುದ್ಧವಾದದ್ದು. ಹಾಗಾಗಿ ಪಕ್ಕದಲ್ಲಿದ್ದ ಹೆಂಗಸರಿಗೆ ಗಾಬರಿಯಾಯಿತು.

“ಎಂತದೇ?”

“ಪ್ರತಿಭಕ್ಕನ್ನ ಕರೀರಿ.”

ಸಿದ್ದಾಪುರದ ಅಂಚಿನಲ್ಲಿ, ಕೋಲಸಿರ್ಸಿಗೆ ಹೋಗುವ ರಸ್ತೆಯ ಬದಿಗೆ ಇರುವ ಉಪ್ಪಿನಕಾಯಿ ಘಟಕ ಅದು. ಫಾಲ್ಗುಣದಲ್ಲಿ ಕೊಯ್ದ ಅಪ್ಪೆ ಮಾವಿನ ಎಳೆ ಮಿಡಿಯನ್ನು ಉಪ್ಪಿನ ಜೊತೆ ಡ್ರಮ್ಮಿಗೆ ತುಂಬಿ, ಮೇಲೆ ಕಲ್ಲು ಹೇರಿ, ಬಾಯಿಗೆ ಬಟ್ಟೆ ಕಟ್ಟಿ, ಮುಚ್ಚಳ ಹಾಕಿಟ್ಟರೆ ಮಿಡಿಗಳು ತಮ್ಮದೇ ನೀರಿನಲ್ಲಿ ಚಿರುಟಿ ಕೂರುತ್ತವೆ. ವಾರಗಟ್ಟಲೆ ಯಾರೂ ಮುಟ್ಟುವುದಿಲ್ಲ. ಹೊರಗಿನ ನೀರು ಹನಿಯೂ ಬೀಳಬಾರದು. ಈ ಸೀಮೆಯಲ್ಲಿ ಸೊಸೆಯ ಎಷ್ಟೋ ತಪ್ಪುಗಳಿಗೆ ಕ್ಷಮೆಯಿದೆ, ಮಿಡಿಯ ಭರಣಿಗೆ ಒದ್ದೆ ಕೈ ಹಾಕಿದ್ದಕ್ಕೆ ಇಲ್ಲ.

ವೆಂಕಮ್ಮ ತೆಗೆದ ಡ್ರಮ್ಮಿನಲ್ಲಿ ನೀರು ಅಂಚಿನವರೆಗೆ ಬಂದಿತ್ತು. ಕೆಳಗೆ ಮಿಡಿಗಳು ಮುಟ್ಟಿದರೆ ಕರಗುವಂತಿದ್ದವು.

ಘಟಕ ನೋಡಿಕೊಳ್ಳುವ ಪ್ರತಿಭಾ ಬಂದಳು. ಸೌಟು ಅದ್ದಿ, ನಾಲಿಗೆಗೆ ತಾಗಿಸಿ, ಉಗಿದಳು.

“ಸಪ್ಪೆ. ಯಾರೋ ನೀರು ಹೊಯ್ದಿದ್ದಾರೆ.”

ಹಿಂದಿನ ಗೋಡೆಗೆ ತಾಗಿದ್ದ ನಾಲ್ಕು ಡ್ರಮ್ಮುಗಳಲ್ಲೂ ಅದೇ ಕಥೆ. ಮುಂದಿನ ಸಾಲುಗಳಲ್ಲಿದ್ದ, ಬೆಳೆಗಾರರೇ ಕೊಯ್ದು ತಂದುಕೊಟ್ಟ ಮಿಡಿಯ ಉಳಿದೆಲ್ಲ ಡ್ರಮ್ಮುಗಳು ಸರಿಯಾಗಿದ್ದವು. ಹಾಳಾದದ್ದು ತ್ಯಾಗಲಿ ಊರಿನ ಒಂದು ಹಳೆಯ ಮರದ್ದು, ಜೀರಿಗೆಯ ಪರಿಮಳದ ಮಿಡಿ. ಬೇರೆ ಉಪ್ಪಿನಕಾಯಿಯನ್ನು ಜನ ಊಟಕ್ಕೆ ಹಾಕಿಕೊಳ್ಳುತ್ತಾರೆ. ಇದಕ್ಕಾಗಿ ಊಟ ಮಾಡುತ್ತಾರೆ.

ಮಧ್ಯಾಹ್ನದೊಳಗೆ ಶಿರಸಿಯಿಂದ ಮಾಲೀಕ ಕಮಲಾಕರನ ಕಾರು ಬಂತು. ಅವನು ಡ್ರಮ್ಮು ನೋಡಲಿಲ್ಲ. ನೇರ ಆಫೀಸಿಗೆ ಹೋಗಿ ಕೂತ.

“ಯಾರು ಮಾಡಿದ್ದು?”

“ಗೊತ್ತಿಲ್ಲೆ” ಎಂದಳು ಪ್ರತಿಭಾ.

“ನನಗೆ ಗೊತ್ತು ಸರ್” ಎಂದ ಮ್ಯಾನೇಜರ್ ಉಲ್ಲಾಸ. ಯಲ್ಲಾಪುರದ ಹುಡುಗ, ಹುಬ್ಬಳ್ಳಿಯಲ್ಲಿ ಎಂಬಿಎ ಮಾಡಿಕೊಂಡು ವರ್ಷದ ಹಿಂದೆ ಸೇರಿದವನು. “ಶನಿವಾರ ವೆಂಕಮ್ಮ ತಡವಾಗಿ ಬಂದಳು. ಎಲ್ಲರೆದುರು ಎರಡು ಮಾತು ಹೇಳಿದೆ. ‘ನಿಮ್ಮ ಉಪ್ಪಿನಕಾಯಿಗೆ ಹುಳ ಬೀಳ್ಲಿ’ ಅಂದಳು. ಅವತ್ತು ಸಂಜೆ ಗೋದಾಮಿಗೆ ಬೀಗ ಹಾಕಿದ್ದೂ ಅವಳೇ. ಭಾನುವಾರ ರಜೆ. ಇವತ್ತು ಹೀಗೆ.”

ಕಮಲಾಕರ ಪ್ರತಿಭಾಳ ಕಡೆ ತಿರುಗಿದ. “ಪೊಲೀಸರಿಗೆ ಹೇಳ್ತೇನೆ. ಆದರೆ ಅವರಿಗಿಂತ ಮೊದಲು ನೀವು ಹೇಳಬೇಕು. ನಾಳೆ ಸಂಜೆಯೊಳಗೆ ನಿಮ್ಮ ಬಾಯಿಂದ ಒಂದು ಹೆಸರು. ಇಲ್ಲದಿದ್ರೆ ಈ ಘಟಕಕ್ಕೆ ಬೀಗ, ಕೆಲಸ ಎಲ್ಲ ಶಿರಸಿಗೆ.”

ಕೆಲಸ ಶಿರಸಿಗೆ ಹೋದರೆ ಕೋಲಸಿರ್ಸಿಯ ಹೆಂಗಸರು ಹಿಂದೆ ಹೋಗುವಂತಿರಲಿಲ್ಲ. ಒಂದು ಹೆಸರು ಹೇಳಿದರೆ ಎಲ್ಲರ ಕೆಲಸ ಉಳಿಯುತ್ತಿತ್ತು, ಒಬ್ಬಳನ್ನು ಬಿಟ್ಟು. ಆ ಒಬ್ಬಳು ಬಾಗಿಲಾಚೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

* * *

ಎ.ಎಸ್.ಐ. ಸಂಗಯ್ಯ ಬನವಾಸಿ ಕಡೆಯವರು. ಸಿದ್ದಾಪುರ ಠಾಣೆಗೆ ಬಂದು ವರ್ಷಗಳಾದರೂ ಮಾತು ಇನ್ನೂ ಬಯಲುಸೀಮೆ ಬಿಟ್ಟು ಬಂದಿರಲಿಲ್ಲ. ಮೀಸೆಯಲ್ಲಿ ನಗುತ್ತಿದ್ದರೋ ಇಲ್ಲವೋ ಹೇಳುವುದು ಕಷ್ಟ. ಮೀಸೆ ಅಷ್ಟು ದಪ್ಪ.

ಅವರು ಕಮಲಾಕರ ಮಾಡದ ಕೆಲಸ ಮೊದಲು ಮಾಡಿದರು. ಡ್ರಮ್ಮಿಗೆ ಕೈ ಹಾಕಿದರು.

“ಬಾಯಿಗೆ ಬಟ್ಟೆ ಕಟ್ಟಿತ್ತೇನ್ರಿ?”

“ಕಟ್ಟಿತ್ತು” ಎಂದಳು ಪ್ರತಿಭಾ. “ಒದ್ದೆ ಇತ್ತು. ಈ ಸೆಖೆಗೆ ಬಟ್ಟೆ ಬಹಳ ಹೊತ್ತು ಒದ್ದೆ ಉಳೀದಿಲ್ಲ. ನೀರು ಹೊಯ್ದಿದ್ದು ನಿನ್ನೆಯೇ ಇರವು.”

“ಕಲ್ಲು?”

“ಇದ್ದಲ್ಲೇ ಇತ್ತು.”

ಸಂಗಯ್ಯ ಕೊಳೆತ ಮಿಡಿಗಳನ್ನು ಒಂದು ತಟ್ಟೆಗೆ ಹಾಕಿಕೊಂಡು ಬಿಸಿಲಿಗೆ ಒಯ್ದರು. ತಿರುಗಿಸಿ ತಿರುಗಿಸಿ ನೋಡಿದರು. ನಂತರ ಒಳಗೆ ಬಂದು, ಆ ನಾಲ್ಕು ಡ್ರಮ್ಮುಗಳ ಮೇಲೆ ಗೋಡೆಯಲ್ಲಿದ್ದ ನಲ್ಲಿಯನ್ನು ತಿರುಗಿಸಿದರು. ಗಾಳಿ ಕೂಡ ಬರಲಿಲ್ಲ.

“ಆ ಪೈಪು ಹೋದ ವಾರ ತೆಗೆಸಿದೆ ಸರ್. ಉಳಿತಾಯ” ಎಂದ ಉಲ್ಲಾಸ.

“ಎಲ್ಲಾರಿಗೂ ಹೇಳಿದ್ರ್ಯಾ?”

“ಅದನ್ನೇನು ಹೇಳೋದು?”

ಅವನ ತಲೆಯ ಹಿಂದೆ ಗೋಡೆಗೆ ದೊಡ್ಡ ಚೀಟಿ ಅಂಟಿಸಿತ್ತು: ‘ಇಲ್ಲಿ ಎಲ್ಲರ ಮಾತಿಗೂ ಬೆಲೆಯಿದೆ.’ ಸಂಗಯ್ಯ ಅದನ್ನು ಓದಿದರು. ಮೀಸೆ ಸ್ವಲ್ಪ ಅಲುಗಾಡಿತು.

“ಇದು ಯಾವಾಗ ಬಂತ್ರಿ?”

“ಮಿಡಿ ಸೀಸನ್ನಿನಲ್ಲಿ ಒಂದು ತರಬೇತಿ ಮಾಡಿಸಿದೆವು. ಜನಕೇಂದ್ರಿತ ನಾಯಕತ್ವ. ಹುಬ್ಬಳ್ಳಿಯಿಂದ ಟ್ರೇನರ್ ಬಂದಿದ್ದರು. ದಿನವಿಡೀ. ಬಲೂನು ಊದಿ ಪರಸ್ಪರ ದಾಟಿಸುವ ಆಟ ಎಲ್ಲ ಇತ್ತು.”

“ನೀರು ಹೊಯ್ದದ್ದು ಯಾರಂತ ನಿಮಗ ಸಂಶಯ?”

“ವೆಂಕಮ್ಮ.”

“ಗೋದಾಮಿನ ಕೀಲಿ ಎಲ್ಲಿರತೈತಿ?”

“ಒಂದು ನನ್ನ ಹತ್ತಿರ. ಇನ್ನೊಂದು ಅಡುಗೆಕೋಣೆಯ ಮೊಳೆಗೆ. ನಾನು ಬೇಡ ಅಂದಿದ್ದೆ. ಪ್ರತಿಭಾ ಅವರ ಪದ್ಧತಿ.”

“ಅಂದ್ರ, ಯಾರು ಬೇಕಾದ್ರೂ ತಗೋಬಹುದಿತ್ತು. ನೀವೂ ಸೈತ.”

ಉಲ್ಲಾಸನ ಮುಖ ಕೆಂಪಾಯಿತು. ಪ್ರತಿಭಾ ಹೋದರೆ ಘಟಕ ಪೂರ್ತಿ ಅವನ ಕೈಗೆ ಬರುತ್ತಿತ್ತು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸಂಗಯ್ಯನವರಿಗೆ ಚಹಾ ಕುಡಿದು ಮುಗಿಸುವುದರೊಳಗೆ ಗೊತ್ತಾಯಿತು.

ವೆಂಕಮ್ಮ ಬಂದಳು. ಕೂರಲಿಲ್ಲ.

“ಹುಳ ಬೀಳ್ಲಿ ಅಂದಿದ್ದು ಹೌದೇನವಾ?”

“ಹೌದು. ಬಸ್ಸು ಕೆಟ್ಟು ನಿಂತಿತ್ತು. ನಡ್ಕಂಡು ಬಂದೆ. ಕಾರಣ ಕೇಳದೆ ಬೈದ್ರು. ಅಂದೆ.”

“ನೀರು ಹೊಯ್ದ್ಯಾ?”

“ಮಿಡಿಗೆ? ನಾನು?” ವೆಂಕಮ್ಮ ಅವರನ್ನು ದಿಟ್ಟಿಸಿದಳು. “ಉಲ್ಲಾಸ ಸರ್ ತಲೆ ಮೇಲೆ ಹೊಯ್ ಅಂದ್ರೆ ಹೊಯ್ತಿದ್ದೆ. ಮಿಡಿ ಎಂತ ಮಾಡಿತ್ತು ನಂಗೆ?”

ಕೊನೆಗೆ ತಿಮ್ಮ. ಇಪ್ಪತ್ತು ವರ್ಷದಿಂದ ಘಟಕಕ್ಕೆ ಮರ ಹತ್ತಿ ಮಿಡಿ ಕೊಯ್ದು ತರುವವನು. ದಿನಗೂಲಿ. ಉಳಿದ ತಿಂಗಳುಗಳಲ್ಲಿ ಮೂಟೆ, ಡ್ರಮ್ಮು ಹೊರುವ ಕೆಲಸ. ಏಪ್ರಿಲ್ಲಿನ ಸೆಖೆಯಲ್ಲೂ ಉದ್ದ ತೋಳಿನ ಅಂಗಿ, ಮಣಿಕಟ್ಟಿನವರೆಗೆ ಗುಂಡಿ.

“ನಂಗೆ ಎಂತದೂ ಗೊತ್ತಿಲ್ಲೆ ಸಾಹೇಬ್ರೆ. ಅಲ್ಲಿ ಮೇಲೆ ನಲ್ಲಿ ಉಂಟಲ್ಲ, ಅದೇ ಸೋರಿರವು.”

“ಹಂಗಂತೀಯಾ?”

“ಹಂಗೇ ಆಗಿರವು. ಯಾರ ಹೆಸರೂ ಹೇಳದು ಬ್ಯಾಡ.”

ಸಂಗಯ್ಯ ತಲೆಯಾಡಿಸಿ ಎದ್ದರು.

* * *

ಮರುದಿನ ಬೆಳಿಗ್ಗೆ ಠಾಣೆಯ ಬೆಂಚಿನ ಮೇಲೆ ಪ್ರತಿಭಾ ಕೂತಿದ್ದಳು. ಸಂಗಯ್ಯ ಬಂದ ಕೂಡಲೇ ಎದ್ದಳು.

“ನನ್ನ ಹೆಸರು ಬರ್ಕಳ್ಳಿ.”

“ಯಾತಕ್ಕ?”

“ಕೀಲಿ ಮೊಳೆಗೆ ಹಾಕ್ಸಿದ್ದು ನಾನು. ಘಟಕದ ಜವಾಬ್ದಾರಿ ನನ್ನದು.”

“ಜವಾಬ್ದಾರಿ ಬ್ಯಾರೆ, ಗುನ್ನೆ ಬ್ಯಾರೆ ಅಕ್ಕಾರ.”

“ಕಮಲಾಕರ ಸಾಹುಕಾರ್ರಿಗೆ ಎರಡೂ ಒಂದೇ. ಅವರಿಗೆ ಹೆಸರು ಸಾಕು.”

ಸಂಗಯ್ಯ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ನೌಕರಿಯ ಉದ್ದಕ್ಕೂ ಅವರು ತಪ್ಪನ್ನು ಕೆಳಗಿನವರ ಮೇಲೆ ಜಾರಿಸುವ ಮೇಲಿನವರನ್ನು ನೋಡಿದ್ದರು. ಅದಕ್ಕೆ ಇಲಾಖೆಯಲ್ಲಿ ಒಂದು ಶೈಲಿಯೇ ಇತ್ತು. ಮೇಲಕ್ಕೆ ಎಳೆದುಕೊಳ್ಳಲು ಬಂದವಳನ್ನು ನೋಡಿದ್ದು ಅಪರೂಪ. ಅವರಿಗೆ ಬೆಳಗಿನ ಚಹಾ ಆಗಿರಲಿಲ್ಲ, ಆದರೂ ಮನಸ್ಸು ಹಗುರಾಯಿತು.

“ಕುಂದರ್ರಿ. ಒಂದು ಮಾತು ಹೇಳ್ರಿ. ತ್ಯಾಗಲಿ ಮಿಡಿ ಬಂದಾಗ ಆರಿಸಿ ನೋಡಿದವ್ರು ಯಾರು?”

“ಯಾವಾಗ್ಲೂ ನಾನು, ವೆಂಕಮ್ಮ, ಉಳಿದವರು ಕೂತು ಆರಿಸ್ತೇವೆ. ಅವತ್ತು… ಅವತ್ತು ತರಬೇತಿ ಇತ್ತು.”

“ಬಲೂನು.”

“ಹೌದು. ಎಲ್ಲರೂ ಒಳಗೆ. ಬಾಗಿಲು ಹಾಕಿತ್ತು. ಮಿಡಿ ತಂದವನು ತಿಮ್ಮ. ಅವನೇ ಉಪ್ಪು ಹಾಕಿ ತುಂಬಿದ.”

“ತಿಮ್ಮಗ ತರಬೇತಿ ಇರಲಿಲ್ಲೇನು?”

“ದಿನಗೂಲಿಯವರಿಗೆ ಬೇಡ ಅಂತ ಉಲ್ಲಾಸ.” ಅವಳು ತಲೆ ತಗ್ಗಿಸಿದಳು. “ನಾನೂ ಸುಮ್ಮನಿದ್ದೆ.”

“ನಿಮ್ಮ ಹೆಸರು ಸಂಜೀತನ ನಿಮ್ಮ ಹತ್ರನ ಇರ್ಲಿ” ಎನ್ನುತ್ತ ಸಂಗಯ್ಯ ಜೀಪಿನ ಕೀಲಿ ಹುಡುಕಿದರು.

* * *

ತ್ಯಾಗಲಿಯಲ್ಲಿ ಮರದ ಒಡೆಯ ನಾಗಪತಿ ಹೆಗಡೆ ಜಗುಲಿಯಲ್ಲೇ ಸಿಕ್ಕಿದರು. ಪೊಲೀಸರನ್ನು ನೋಡಿ ಅವರಿಗೆ ಭಯಕ್ಕಿಂತ ಖುಷಿಯಾದಂತೆ ಕಂಡಿತು. ಮಾತಿಗೆ ಜನ ಸಿಕ್ಕಿತ್ತು.

“ಬನ್ನಿ ಬನ್ನಿ. ಆಸ್ರಿಗೆ ಎಂತ ಕುಡೀತ್ರಿ?”

“ಮಜ್ಜಿಗಿ ಕೊಡ್ರಿ. ಈ ವರ್ಷ ಮಿಡಿ ಕೊಯ್ದದ್ದು ನೀವು ನೋಡಿದ್ರ್ಯಾ?”

“ಇಲ್ಲೆ. ಆನು ತೋಟದಲ್ಲಿ ಇದ್ದಿದ್ದಿ. ಬಪ್ಪಷ್ಟರಲ್ಲಿ ತಿಮ್ಮ ಹೋಗಿ ಆಗಿತ್ತು. ಮರದ ಬುಡ ನೋಡವು ನೀವು. ಸೊಪ್ಪು, ಮುರಿದ ಟೊಂಗೆ, ನೆಲದ ತುಂಬ. ಮಂಗಗಳ ಮದುವೆ ಆದಾಂಗೆ. ಮಂಗನೇ ಬಂದಿದ್ದು ಹೇಳಿ ತಿಳ್ಕಂಡಿದ್ದಿ.”

“ಬ್ಯಾರೆ ವರ್ಷ ಹಂಗ ಇರೂದಿಲ್ಲೇನು?”

“ಛೆ. ತಿಮ್ಮ ಮರ ಹತ್ತಿ ಒಂದೊಂದೇ ಗೊಂಚಲು ತೊಟ್ಟು ಸಮೇತ ಕೊಯ್ದು, ಚೀಲಕ್ಕೆ ಹಾಕಿ, ಹಗ್ಗದಲ್ಲಿ ಇಳಿಸ್ತ. ಮಗು ಇಳಿಸಿದಾಂಗೆ. ಮಿಡಿ ನೆಲಕ್ಕೆ ಬಿದ್ರೆ ಮುಗತ್ತು.”

ಒಳಗಿನಿಂದ ಅವರ ಹೆಂಡತಿ ಮಜ್ಜಿಗೆ ತಂದರು. “ಮತ್ತೆ ಅವ ಈ ಸಲ ಎಣ್ಣೆ ಕೇಳಲೂ ಬಂದಿದ್ನಿಲ್ಲೆ.”

“ಎಂಥಾ ಎಣ್ಣಿ ತಾಯಿ?”

“ಮೇಲೆ ಕೂತು ಕೊಯ್ಯವಂಗೆ ತೊಟ್ಟಿನ ಸೊನೆ ಸಿಡಿತು. ಕೈಯೆಲ್ಲ ಸುಟ್ಟು ಕಪ್ಪು ಕಲೆ. ಪ್ರತಿ ವರ್ಷ ಇಳಿದ ಕೂಡ್ಲೆ ತೆಂಗಿನೆಣ್ಣೆ ಹಚ್ಚಿ ಕಳಸ್ತಿದ್ದಿ.”

ಸಂಗಯ್ಯ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಮುಗಿಸಿ, ಇನ್ನೊಂದು ಲೋಟ ಕೇಳಿದರು.

* * *

ಸಂಜೆಯ ಗಡುವಿಗೆ ಮೊದಲೇ ಘಟಕದ ಹಜಾರದಲ್ಲಿ ಎಲ್ಲರೂ ಸೇರಿದ್ದರು. ಕಮಲಾಕರ ಗಡಿಯಾರ ನೋಡಿಕೊಳ್ಳುತ್ತಿದ್ದ. ವೆಂಕಮ್ಮ ಬಾಗಿಲ ಹತ್ತಿರ ನಿಂತಿದ್ದಳು, ಹೇಗೂ ಹೊರಗೆ ಹೋಗಬೇಕಾದವಳ ಹಾಗೆ.

“ಪ್ರತಿಭಾ, ಹೆಸರು” ಎಂದ ಕಮಲಾಕರ.

“ಗೊತ್ತಿಲ್ಲದ್ದು ಹೇಳದಿಲ್ಲ. ಬೀಗ ಹಾಕದಾದ್ರೆ ಹಾಕಿ.”



“ಸ್ವಲ್ಪ ತಡೀರಿ ಸಾಹುಕಾರ್ರ” ಎಂದರು ಸಂಗಯ್ಯ. ಕೈಯಲ್ಲಿ ಮಿಡಿಯ ತಟ್ಟೆ ಇತ್ತು. “ವೆಂಕಮ್ಮಗ ಸಿಟ್ಟು ಬಂದದ್ದು ಶನಿವಾರ. ನೀರು ಹೊಯ್ದದ್ದು ಭಾನುವಾರ. ಒಂದು ದಿನದಾಗ ಉಪ್ಪಿನ್ಯಾಗಿನ ಮಿಡಿ ಹಿಂಗ ಕರಗೂದಿಲ್ಲ. ಆಕೀ ಸಿಟ್ಟಿಗಿಂತ ಈ ಕೊಳೆ ಹಳೇದು.”

ಅವರು ಒಂದು ಮಿಡಿ ಎತ್ತಿ ತೋರಿಸಿದರು. “ಇಲ್ಲಿ ನೋಡ್ರಿ. ಒಂದ ಮಗ್ಗಲಕ್ಕ ಕಪ್ಪು ಪೆಟ್ಟು. ತೊಟ್ಟಿಲ್ಲ. ಇಡೀ ತಟ್ಟಿ ಹಿಂಗ ಐತಿ. ನೀರಿನ್ಯಾಗ ಕೊಳೆತದ್ದು ಸುತ್ತಲೂ ಕೊಳೀತೈತಿ. ಇವು ನೆಲಕ್ಕ ಬಿದ್ದಾವ. ಡ್ರಮ್ಮಿಗೆ ಹೋಗೂಕಿಂತ ಮೊದಲ ಕೆಟ್ಟಿದ್ವು.”

“ಹಾಗಾದರೆ ನೀರು ಯಾಕೆ?” ಎಂದ ಉಲ್ಲಾಸ.

“ಅದ ನಾನೂ ಕೇಳ್ಕೊಂಡೆ. ದ್ವೇಷದಿಂದ ಬಂದವ್ರು ಬಾಗಿಲ ಹತ್ರ ಇರೂ ಡ್ರಮ್ಮಿಗೆ ಹೊಯ್ದು ಓಡ್ತಾರ. ಇವ್ರು ಹಿಂದಿನ ಗ್ವಾಡಿತನ ಹೋಗ್ಯಾರ. ತ್ಯಾಗಲಿ ಮಿಡೀನ ಹುಡುಕ್ಯಾರ. ಆಮ್ಯಾಲ ಕಲ್ಲು ಇಟ್ಟು, ಬಟ್ಟಿ ಕಟ್ಟಿ, ಮುಚ್ಚಳ ಹಾಕ್ಯಾರ. ಹಾಳು ಮಾಡಾಕ ಬಂದವ್ರು ಇಷ್ಟು ಜ್ವಾಪಾನ ಮಾಡೂದಿಲ್ಲ. ಇವ್ರು ಆಗಲೇ ಹಾಳಾದದ್ದನ್ನ ಮುಚ್ಚಾಕ ಬಂದಿದ್ರು. ಮ್ಯಾಲಿನ ನಲ್ಲಿ ಸೋರೇತಿ ಅಂತ ಜನ ತಿಳೀಲಿ ಅಂತ. ಪೈಪು ತೆಗೆಸಿದ್ದು ಅವ್ರಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ.”

ಉಲ್ಲಾಸ ನೆಲ ನೋಡಿದ.

“ಈಗ ಮಿಡಿ ಮುಟ್ಟಿದವ್ರೆಲ್ಲ ಕೈ ಮುಂದ ಮಾಡ್ರಿ.”

ಹೆಂಗಸರು ಕೈ ಚಾಚಿದರು. ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ಸೊನೆ ಸುಟ್ಟ ಕಪ್ಪು ಚುಕ್ಕೆಗಳು ಇನ್ನೂ ಮಾಸಿರಲಿಲ್ಲ. ಪ್ರತಿಭಾಳ ಕೈಯಲ್ಲೂ ಇದ್ದವು.

“ತಿಮ್ಮಣ್ಣ, ತೋಳು ಏರಿಸಪಾ.”

ತಿಮ್ಮ ಗುಂಡಿ ಬಿಚ್ಚಲು ಹೊತ್ತು ತೆಗೆದುಕೊಂಡ. ಹಳೆಯ ವರ್ಷಗಳ ಬಿಳಿಚಿದ ಗುರುತುಗಳಿದ್ದವು. ಹೊಸದು ಒಂದೂ ಇರಲಿಲ್ಲ. ಮರ ಹತ್ತುವವನ ಕೈ, ಮದುವೆಗೆ ಹೊರಟವನ ಕೈಯಷ್ಟು ಚೊಕ್ಕ.

“ಕಲೆ ಮುಚ್ಚಾಕ ಉದ್ದ ತೋಳು ಹಾಕೂದು ಕಂಡೇನಿ” ಎಂದರು ಸಂಗಯ್ಯ. “ಕಲೆ ಇಲ್ಲದ್ದನ್ನ ಮುಚ್ಚಾಕ ಹಾಕಿದ್ದು ಇದ ಮೊದಲು.”

ತಿಮ್ಮ ಕೂತುಬಿಟ್ಟ. ಕೂರುವಾಗ ಒಂದು ಕಾಲು ಮಡಚಲಿಲ್ಲ. ಚಾಚಿಯೇ ಇಟ್ಟ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

“ಈ ಮೊಣಕಾಲು” ಎಂದ. “ಮಳೆಗಾಲದಿಂದ ಬಗ್ತಾ ಇಲ್ಲೆ. ಕೆಳಗಿಂದ ಕೊಕ್ಕೆ ಹಾಕಿ ಜಗ್ಗಿದೆ. ಎಲ್ಲ ಉದುರಿ ಬಿತ್ತು. ಹೇಳವು ಅಂತ್ಲೇ ಬಂದೆ, ಅವತ್ತು. ಬಾಗಿಲಿಗೆ ಚೀಟಿ ಇತ್ತು. ‘ಮನಬಿಚ್ಚಿ ಮಾತಾಡುತ್ತಿದ್ದೇವೆ, ಒಳಗೆ ಬರಬೇಡಿ’ ಅಂತ.”

ಯಾರೋ ನಗಲು ಹೊರಟು ನಿಲ್ಲಿಸಿದರು.

“ಹತ್ತಕ್ಕಾಗದವರಿಗೆ ಇನ್ನು ಕೆಲಸ ಇಲ್ಲೆ, ಗುತ್ತಿಗೆಯವರು ಬರ್ತಾರೆ ಅಂದಿದ್ರು ಉಲ್ಲಾಸ ಸರ್. ಅದ್ಕೇ ಉಪ್ಪು ಹಾಕಿ ಮುಚ್ಚಿದೆ. ಭಾನುವಾರ ಬಂದು ನೋಡಿರೆ ವಾಸನೆ. ನಲ್ಲಿ ಮೇಲೆ ಹೋಗ್ಲಿ ಅಂತ ನೀರು ಹೊಯ್ದೆ. ವೆಂಕಮ್ಮನ ಮೇಲೆ ಬರ್ತದೆ ಅಂತ ದೇವರಾಣೆ ಗೊತ್ತಿರಲಿಲ್ಲೆ.”

“ಬಂದ ಮೇಲೆ ಗೊತ್ತಾಯ್ತಲ್ಲ” ಎಂದಳು ವೆಂಕಮ್ಮ. ಅವಳ ದನಿ ಏರಲಿಲ್ಲ. “ನಿನ್ನೆಯಿಂದ ಗೊತ್ತಿತ್ತಲ್ಲ ತಿಮ್ಮಣ್ಣ.”

ತಿಮ್ಮ ಏರಿಸಿದ ತೋಳನ್ನು ಮತ್ತೆ ಕೆಳಗೆಳೆದುಕೊಂಡ.

“ಸರಿ. ಹೆಸರು ಸಿಕ್ಕಿತು” ಎಂದ ಕಮಲಾಕರ. “ಇವನನ್ನು ಕರ್ಕೊಂಡು ಹೋಗಿ.”

ಪ್ರತಿಭಾ ಮುಂದೆ ಬಂದಳು. “ದೂರು ನಿಮ್ಮದು, ಕೊಡಿ. ಆದ್ರೆ ಒಬ್ಬನ ಹೆಸರಲ್ಲಿ ಮುಗೀದಿಲ್ಲ. ಇಪ್ಪತ್ತು ವರ್ಷದ ಮನುಷ್ಯ ಕಾಲು ನೋವು ಅಂತ ಹೇಳಕ್ಕೆ ಹೆದರಿದ್ದಾನೆ ಅಂದ್ರೆ, ಹೆದರ್ಸಿದ್ದು ಯಾರು? ಸೆಖೆಗೆ ಉದ್ದ ತೋಳು ಹಾಕಿದ್ದು ನಾನು ನೋಡಿದ್ದೆ. ಮದುಮಗನ ಹಂಗೆ ಕಾಣ್ತೀಯ ಅಂತ ನಗಾಡಿದೆ. ಯಾಕೆ ಅಂತ ಕೇಳ್ಲಿಲ್ಲ. ಅಷ್ಟು ಕೇಳಿದ್ರೆ ಸಾಕಿತ್ತು.”

“ಇದು ಸಮಾಜಸೇವೆ ಅಲ್ಲ ಪ್ರತಿಭಾ. ನಾಲ್ಕು ಡ್ರಮ್ಮು ಹೋಗಿದೆ.”

“ಹೌದು, ಹೋಗಿದೆ. ಅವನು ಬಂದು ಹೇಳಿದ್ರೆ ಆ ಮಿಡಿ ಅವತ್ತೇ ಕೊಚ್ಚಿ ತೊಕ್ಕು ಮಾಡ್ತಿದ್ವಿ. ಒಂದು ಡ್ರಮ್ಮೂ ಹೋಗ್ತಿರಲಿಲ್ಲ.”

ಕಮಲಾಕರ ವ್ಯಾಪಾರಿ. ನ್ಯಾಯದ ಮಾತು ಅವನ ಕಿವಿಗೆ ನಿಧಾನವಾಗಿ ಹೋಗುತ್ತಿತ್ತು, ತೊಕ್ಕಿನ ಮಾತು ತಕ್ಷಣ ಹೋಯಿತು. ಅವನು ಯೋಚಿಸಿದ. ಉಲ್ಲಾಸ ಗೋದಾಮಿಗೆ ನಡೆದ. ಸ್ವಲ್ಪ ಹೊತ್ತಿಗೆ ಡ್ರಮ್ಮು ಉರುಳಿಸುವ ಸದ್ದು ಕೇಳಿಸಿತು. ಕೊಳೆತದ್ದನ್ನು ಅವನೇ ಹೊರಗೆ ಸಾಗಿಸುತ್ತಿದ್ದ. ಇಸ್ತ್ರಿ ಮಾಡಿದ ಅಂಗಿಯಲ್ಲೇ.

“ತಿಮ್ಮನ್ನ ಇನ್ನು ಮರ ಹತ್ಸದಿಲ್ಲ” ಎಂದಳು ಪ್ರತಿಭಾ. “ಬಂದ ಮಿಡಿ ಆರಿಸಕ್ಕೆ ನನ್ನ ಪಕ್ಕ ಕೂರ್ತಾನೆ. ಆದ್ರೆ ಅದು ನಾನೊಬ್ಬಳೇ ಹೇಳದಲ್ಲ. ಪೆಟ್ಟು ಬಿದ್ದಿದ್ದು ವೆಂಕಮ್ಮಂಗೆ. ಅವಳು ಬ್ಯಾಡ ಅಂದ್ರೆ ಬ್ಯಾಡ.”

ಎಲ್ಲರೂ ಬಾಗಿಲ ಕಡೆ ನೋಡಿದರು. ಜೀವಮಾನದಲ್ಲಿ ಮೊದಲ ಬಾರಿಗೆ ವೆಂಕಮ್ಮ ಮಾತಿಗೆ ಮೊದಲು ಯೋಚಿಸಿದಳು.

“ಜೈಲು ಗೀಲು ಬ್ಯಾಡ” ಎಂದಳು. “ನಂಗೆ ತಪ್ಪಾಯ್ತು ಅನ್ನದೂ ಬ್ಯಾಡ. ನಮ್ಮೂರಲ್ಲಿ ಈಗ ಡೇರಿಗೆ ಹಾಲು ಹೊಯ್ಯೋ ಹೊತ್ತು. ಎಲ್ಲ ಇರ್ತಾರೆ. ನಿನ್ನೆ ನಮ್ಮತ್ತೆ ಕ್ಯಾನು ತಗಂಡು ಹೋದ್ರೆ ಯಾರೂ ಮಾತಾಡ್ಸಲಿಲ್ಲ. ಅಲ್ಲಿಗೆ ಬಂದು ಹೇಳ್ಲಿ.”

* * *

ಪೊಲೀಸ್ ಜೀಪು ಕೋಲಸಿರ್ಸಿಯ ಹಾಲಿನ ಡೇರಿಯ ಮುಂದೆ ನಿಂತಾಗ ಸಾಲು ತಾನಾಗಿ ತಿರುಗಿತು. ಮುಂದಿನ ಸೀಟಿನಿಂದ ವೆಂಕಮ್ಮ ಇಳಿದಳು. ಹಿಂದಿನಿಂದ ತಿಮ್ಮ, ಕಾಲು ಎಳೆಯುತ್ತ. ಅವನ ಜೊತೆ ಪ್ರತಿಭಾ. ಅವನಿಗಿಂತ ಮುಂದೆ ಅಲ್ಲ, ಹಿಂದೆಯೂ ಅಲ್ಲ, ಪಕ್ಕದಲ್ಲಿ ನಿಂತಳು.

ತಿಮ್ಮ ಹೇಳಿದ. ಚೆನ್ನಾಗಿ ಹೇಳಲಿಲ್ಲ. ಮಧ್ಯೆ ಎರಡು ಸಲ ನಿಲ್ಲಿಸಿದ. ಒಮ್ಮೆ ಮೊಣಕಾಲಿನ ವಿಚಾರಕ್ಕೆ ಹೋಗಿ, ತಾನೇ ತಿದ್ದಿಕೊಂಡು, ‘ಕಾಲಿನ ಮಾತು ಬ್ಯಾಡ, ಮಾಡಿದ್ದು ನಾನು, ವೆಂಕಮ್ಮ ಅಲ್ಲ’ ಎಂದ. ಹಾಲು ಅಳೆಯುವವನ ಕೈ ನಿಂತಿತ್ತು.

ಸಾಲಿನ ಕೊನೆಯಲ್ಲಿದ್ದ ವೆಂಕಮ್ಮನ ಅತ್ತೆ ಕ್ಯಾನು ಕೆಳಗಿಟ್ಟರು.

“ಕೇಳಿಸ್ತೇನ್ರೇ?” ಎಂದರು ಎಲ್ಲರಿಗೂ. ಆಮೇಲೆ ತಿಮ್ಮನಿಗೆ: “ಬಿಸಿಲಲ್ಲಿ ನಿಂತ್ಕಂಬೇಡ. ಆ ಕಾಲು ಇಟ್ಕಂಡು. ಕಟ್ಟೆ ಮೇಲೆ ಕೂತ್ಕ.”

ಮುಂದೆ ನಿಂತಿದ್ದ ಇಬ್ಬರು ಹೆಂಗಸರು ಸರಿದು ಮುದುಕಿಗೆ ಜಾಗ ಬಿಟ್ಟರು. ಅವರು ಬೇಡವೆನ್ನಲಿಲ್ಲ. ತಲೆ ಎತ್ತಿಕೊಂಡು ಮುಂದೆ ಹೋಗಿ ಹಾಲು ಹೊಯ್ದರು.

ಸಂಗಯ್ಯ ಜೀಪಿನಲ್ಲೇ ಕೂತು ನೋಡಿದರು. ದೂರು ಹಿಂದಕ್ಕೆ ಪಡೆಯುತ್ತೇನೆ, ಘಟಕಕ್ಕೆ ಬೀಗ ಹಾಕುವುದಿಲ್ಲ ಎಂದು ಕಮಲಾಕರ ಹೇಳಿಯಾಗಿತ್ತು. ಬಂಧನವಿಲ್ಲದೆ, ಬಹುಮಾನವಿಲ್ಲದೆ ಮುಗಿದ ಕೇಸು. ಆದರೂ ಈ ಸಂಜೆ ತಮಗೆ ಸಿಕ್ಕಿದ್ದಕ್ಕೆ ಯಾರಿಗೆ ಕೈಮುಗಿಯಬೇಕೆಂದು ತಿಳಿಯದೆ, ಸುಮ್ಮನೆ ಎಂಜಿನ್ ಬಂದ್ ಮಾಡಿದರು.

ವೆಂಕಮ್ಮ ಪ್ರತಿಭಾಳ ಹತ್ತಿರ ಬಂದಳು.

“ಪ್ರತಿಭಕ್ಕ, ನಾನಲ್ಲ ಅಂತ ನಿಮ್ಗೆ ಗೊತ್ತಿತ್ತಾ?”

“ಇಲ್ಲೆ ಮಾರಾಯ್ತಿ. ನಿನ್ನ ಬಾಯಿ ನೋಡಿರೆ ನೀನೇ ಇರಬಹುದು ಅಂತ ಒಂದ್ಸಲ ಅನ್ಸಿತ್ತು.”

“ಆದ್ರೂ ನನ್ನ ಹೆಸರು ಹೇಳ್ಲಿಲ್ಲ.”

“ಗೊತ್ತಿರಲಿಲ್ಲಲ್ಲ.”

ವೆಂಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ನಾನಲ್ಲ ಅಂತ ಗೊತ್ತಿದ್ದು ಹೇಳದೇ ಇದ್ದಿದ್ರೆ ಅದು ದೊಡ್ಡದಲ್ಲ” ಎಂದಳು. “ಬನ್ನಿ ಮನೆಗೆ. ಊಟ ಮಾಡ್ಕಂಡೇ ಹೋಗದು.”